ಪೇಟೆಯ ಹೊಸ ದಿವಾನಜಿ

ಮೂಡಲಗಿಯಂಥ ಊರಿನ ಪೇಟೆಯಲ್ಲಿ ಒಂದು ಹುದ್ದೆಯಿದೆ. ಅದಕ್ಕೆ ಅರ್ಜಿ ಕರೆಯುವುದಿಲ್ಲ, ಸಂದರ್ಶನವಿಲ್ಲ, ನೇಮಕದ ಪತ್ರವಂತೂ ಇಲ್ಲವೇ ಇಲ್ಲ. ಜನ ಅದನ್ನು ‘ಕಂಪ್ಯೂಟರ್ ಹುಡುಗ’ ಎನ್ನುತ್ತಾರೆ. ಗೊಬ್ಬರದ ಅಂಗಡಿ, ಔಷಧದ ಅಂಗಡಿ, ಪತ್ತಿನ ಸಂಘ, ಟ್ರ್ಯಾಕ್ಟರ್ ಬಿಡಿಭಾಗದ ಮಳಿಗೆ, ಹೀಗೆ ಎಂಟು ಹತ್ತು ಕಡೆಯ ಗಣಕಯಂತ್ರಗಳ ಯೋಗಕ್ಷೇಮ ಅವನ ತಲೆಯ ಮೇಲೆ. ಬೆಂಗಳೂರಿನ ಕಂಪನಿಯಲ್ಲಾದರೆ ಇದೇ ಕೆಲಸಕ್ಕೆ ‘ಸಿಸ್ಟಂ ಅಡ್ಮಿನಿಸ್ಟ್ರೇಟರ್’ ಎಂಬ ಹೆಸರು, ಕೊರಳಲ್ಲಿ ಗುರುತಿನ ಚೀಟಿ. ಇಲ್ಲಿ ಕಿಸೆಯಲ್ಲಿ ಒಂದು ಸ್ಕ್ರೂಡ್ರೈವರ್, ಎರಡು ಪೆನ್ ಡ್ರೈವ್, ಅಷ್ಟೆ. ಬಿ.ಸಿ.ಎ. ಮುಗಿಸಿದ ಮಗ ಅಂಗಡಿ ಅಂಗಡಿ ತಿರುಗುವುದು ಮನೆಯವರಿಗೆ ಸಂಕೋಚ. ‘ಏನ್ ಮಾಡ್ತಾನ್ರೀ ನಿಮ್ಮ ಮಗಾ?’ ಎಂದು ಬೀಗರು ಕೇಳಿದರೆ ‘ಸದ್ಯಕ್ಕ ಇಲ್ಲೇ ಅದಾನ್ರಿ’ ಎಂದು ಅಪ್ಪ ಮಾತು ತೇಲಿಸುತ್ತಾನೆ.

ಆದರೆ ಅವನು ಕಾಯುತ್ತಿರುವುದು ಏನನ್ನು? ಇದು ಘಟಪ್ರಭಾ ಕಾಲುವೆಯ ನೀರುಂಡ ಕಬ್ಬಿನ ಸೀಮೆ. ಗೊಬ್ಬರ, ಔಷಧ, ಡೀಸೆಲ್ ಎಲ್ಲ ಉದ್ರಿ. ಕಬ್ಬಿನ ಬಿಲ್ಲು ಬಂದಾಗ ಚುಕ್ತಾ. ಹಿಂದೆ ಆ ಉದ್ರಿ ಕೆಂಪು ಬಟ್ಟೆ ಹೊದಿಸಿದ ಕಿರ್ದಿ, ಖತಾವಣಿಗಳಲ್ಲಿ ಇರುತ್ತಿತ್ತು, ಕೀಲಿ ಕೈ ದಿವಾನಜಿಯ ಸೊಂಟದಲ್ಲಿ. ಈಗ ಅದು ಟ್ಯಾಲಿಯಂಥ ತಂತ್ರಾಂಶದಲ್ಲಿದೆ. ಈ ಟ್ಯಾಲಿ ಹುಟ್ಟಿದ್ದೂ ಬೆಂಗಳೂರಿನಲ್ಲೇ, 1986ರಲ್ಲಿ. ವ್ಯಾಪಾರಸ್ಥ ತಂದೆ ಶ್ಯಾಮಸುಂದರ ಗೋಯೆಂಕಾ ಅವರ ಲೆಕ್ಕದ ಗೋಳು ನೋಡಿ ಮಗ ಭರತ್ ಬರೆದದ್ದು. ಲೆಕ್ಕ ಅಳಿಸಿಹೋದರೆ ಸಾವಕಾರನ ಬಾಕಿ ಮುಳುಗುತ್ತದೆ ಎಂಬುದು ಅರ್ಧ ಮಾತು. ಹೋದ ತಿಂಗಳು ಹಣ ಕಟ್ಟಿದ ರೈತನ ಜಮೆಯೂ ಅದರೊಂದಿಗೇ ಮುಳುಗುತ್ತದೆ. ಮೇಲಾಗಿ ಜಿ.ಎಸ್.ಟಿ. ಕಾನೂನಿನ ಪ್ರಕಾರ, ವಾರ್ಷಿಕ ವಿವರ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರ ಕಾಪಾಡಲೇಬೇಕು.

ಹುಡುಗನಿಗೆ ಕರೆ ಬರುವುದು ಹೀಗೆ: ‘ತಮ್ಮಾ, ಲಗೂ ಬಾರೋ, ಬಿಲ್ಲ ಹೊಂಡವಲ್ದು.’ ಹೋಗಿ ನೋಡಿದರೆ ಯಂತ್ರ ಮುಸುಕು ಹಾಕಿ ಕೂತಿರುತ್ತದೆ.

‘ಬ್ಯಾಕಪ್ ತಗೊಂಡೀರಿಲ್ರಿ ಸಾವಕಾರ್ರ?’

‘ತಗೊಂಡೀನೋ. ಪೆನ್ ಡ್ರೈವ್ ಅದರಾಗ ಐತಿ ನೋಡು. ಯುಗಾದಿಯಿಂದ ತಗದೇ ಇಲ್ಲ!’

ಸಾವಕಾರರಿಗೆ ಅದು ಭದ್ರತೆ. ಹುಡುಗನಿಗೆ ಎದೆಯೊಡೆಯುವ ಸುದ್ದಿ. ಕಡತಗಳಿಗೆ ಬೀಗ ಜಡಿದು ಹಣ ಕೇಳುವ ದುಷ್ಟ ತಂತ್ರಾಂಶ ಹೊಕ್ಕರೆ, ಯಂತ್ರಕ್ಕೆ ಚುಚ್ಚಿದ ಪೆನ್ ಡ್ರೈವನ್ನೂ ಅದು ಬಿಡುವುದಿಲ್ಲ. 2017ರ ಮೇ 12ರಂದು ಹಬ್ಬಿದ ‘ವನ್ನಾಕ್ರೈ’ ಸುಮಾರು 150 ದೇಶಗಳಲ್ಲಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲೂ, ಇದನ್ನೇ ಮಾಡಿತು. ಸೋಜಿಗವೆಂದರೆ ಆ ತೂತು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಎರಡು ತಿಂಗಳ ಮೊದಲೇ, ಮಾರ್ಚಿಯಲ್ಲಿ, ಕೊಟ್ಟಿತ್ತು. ‘ಅಪ್‌ಡೇಟ್ ಆಮ್ಯಾಲ ಮಾಡೂಣು’ ಎಂದವರು ಸಿಕ್ಕಿಬಿದ್ದರು. ದೊಡ್ಡ ದೇಶಗಳ ಕತೆ ಎನ್ನುವಂತೆಯೂ ಇಲ್ಲ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಕೊಡುವ ಒಂದು ಸಂಸ್ಥೆಯ ಮೇಲೆ ಇಂಥದೇ ದಾಳಿಯಾಗಿ, ದೇಶದ ಸುಮಾರು 300 ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತಿತ್ತು.

ಇನ್ನು ನೀರಿನ ಕತೆ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪಟ್ಟಣದ ಅಂಗಡಿ ಮನೆಗಳಿಗೆ ನುಗ್ಗಿದ್ದನ್ನು ಈ ಭಾಗದವರು ಮರೆತಿಲ್ಲ. ಯಂತ್ರ ಮೇಜಿನ ಮೇಲೆ, ಅದರ ನಕಲು ಅದೇ ಮೇಜಿನ ಖಾನೆಯಲ್ಲಿ ಇದ್ದರೆ ಹೊಳೆಗೆ ಎರಡೂ ಒಂದೇ ತುತ್ತು. ಪೀಟರ್ ಕ್ರೋಗ್ ಎಂಬ ಅಮೆರಿಕದ ಛಾಯಾಗ್ರಾಹಕ ಹೇಳಿಕೊಟ್ಟ 3-2-1 ಎಂಬ ಲೆಕ್ಕ ಇದಕ್ಕಾಗಿಯೇ ಜನಪ್ರಿಯವಾದದ್ದು: ಮೂಲವೂ ಸೇರಿ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಅಂಗಡಿಕಾರನ ಮಟ್ಟಿಗೆ ಬೇರೆ ಜಾಗವೆಂದರೆ ಎತ್ತರದಲ್ಲಿರುವ ತಮ್ಮನ ಮನೆಯ ಟ್ರೆಜರಿಯೂ ಆದೀತು, ಅಂತರ್ಜಾಲದ ಉಗ್ರಾಣವೂ ಆದೀತು.

ಇದಕ್ಕೆಲ್ಲ ದುಬಾರಿ ತಂತ್ರಾಂಶವೇನೂ ಬೇಡ. ವಿಂಡೋಸಿನೊಳಗೇ ‘ರೋಬೋಕಾಪಿ’ ಎಂಬ ಕಸುಬುದಾರ ನಕಲುಗಾರನಿದ್ದಾನೆ; ‘ಟಾಸ್ಕ್ ಶೆಡ್ಯೂಲರ್’ಗೆ ವೇಳೆ ಹೇಳಿಟ್ಟರೆ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ತಾನೇ ಎದ್ದು ಕೆಲಸ ಮಾಡುತ್ತಾನೆ. ಆದರೆ ಅದರ ‘ಮಿರರ್’ ಆಯ್ಕೆಯ ಬಗ್ಗೆ ಎಚ್ಚರ: ಮೂಲದಲ್ಲಿ ಅಳಿಸಿದ್ದನ್ನು ಅದು ನಕಲಿನಲ್ಲೂ ನಿಷ್ಠೆಯಿಂದ ಅಳಿಸುತ್ತದೆ. ಆದ್ದರಿಂದ ದಿನಕ್ಕೊಂದು ತಾರೀಕು ಹಾಕಿದ ಬೇರೆ ಫೋಲ್ಡರ್ ಬೇಕು. ‘ಸೆವೆನ್ ಜಿಪ್’ ಎಂಬ ಉಚಿತ ತಂತ್ರಾಂಶ ಆ ಫೋಲ್ಡರನ್ನು ಗಂಟು ಕಟ್ಟಿ ಗುಪ್ತಪದ ಹಾಕುತ್ತದೆ. ಲೆಕ್ಕದ ತಂತ್ರಾಂಶ ತೆರೆದಿರುವಾಗ ಮಾತ್ರ ನಕಲು ತೆಗೆಯಬಾರದು; ಅರ್ಧ ಬರೆದ ಪುಟ ನಕಲಾಗುತ್ತದೆ. ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ಹಾರ್ಡ್ ಡಿಸ್ಕಿನ ನಾಡಿ ಹಿಡಿದು ನೋಡುತ್ತದೆ. ಅದು ಹಳದಿ ಬಣ್ಣ ತೋರಿಸಿದ ದಿನವೇ ಹೊಸ ಡಿಸ್ಕಿನ ಮಾತು ಎತ್ತಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಬಹಳ ಜನ ಮಾಡುವುದೇ ಇಲ್ಲ. ತಿಂಗಳಿಗೊಮ್ಮೆ ಆ ನಕಲನ್ನು ಬೇರೆ ಯಂತ್ರಕ್ಕೆ ಹಾಕಿ ತೆರೆದು ನೋಡಬೇಕು. ಯಾವುದಾದರೂ ಒಬ್ಬ ರೈತನ ಖಾತೆ ತೆಗೆದು, ಕೈಯಲ್ಲಿರುವ ಪಾವತಿಯೊಂದಿಗೆ ತಾಳೆ ನೋಡಬೇಕು. ತೆರೆಯದ ನಕಲು ಕಾಳಿದೆಯೋ ಇಲ್ಲವೋ ತಿಳಿಯದ ಹಗೇವು. ಹೀಗೆ ತೆರೆದಾಗಲೇ ಕನ್ನಡದ ಒಂದು ತೊಡಕೂ ಬಯಲಾಗುತ್ತದೆ. ಹಳೆಯ ‘ನುಡಿ’ ಅಥವಾ ‘ಬರಹ’ದ ಅಕ್ಷರಶೈಲಿಯಲ್ಲಿ ಬರೆದಿಟ್ಟ ಸಂಘದ ಠರಾವುಗಳು ಹೊಸ ಯಂತ್ರದಲ್ಲಿ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನವಾಗಿ ಕಾಣುತ್ತವೆ. ಅದು ವೈರಸ್ ಅಲ್ಲ; ಆ ಅಕ್ಷರಶೈಲಿ ಅಲ್ಲಿಲ್ಲ, ಅಷ್ಟೆ. ಕಡತದ ಜತೆಗೆ ಅಕ್ಷರಶೈಲಿಯನ್ನೂ ಕಾದಿಡಬೇಕು. ಯೂನಿಕೋಡಿಗೆ ಪರಿವರ್ತಿಸಿದರೆ ಇನ್ನೂ ಒಳ್ಳೆಯದು, ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ಓದಿ ನೋಡಿ.

ಗುಪ್ತಪದಗಳದು ಬೇರೆಯೇ ಧರ್ಮಸಂಕಟ. ಸಾವಕಾರರು ಅದನ್ನು ಮಾನಿಟರಿನ ಅಂಚಿಗೆ ಚೀಟಿ ಅಂಟಿಸಿ ಇಡುತ್ತಾರೆ, ಇಲ್ಲವೆ ‘ನಿನಗ ಗೊತ್ತೈತಲ್ಲೋ’ ಎಂದು ಹುಡುಗನ ತಲೆಯೊಳಗೇ ಇಡುತ್ತಾರೆ. ಯಾರಿಗೆ ಎಷ್ಟು ಸಾಲ, ಯಾರ ಠೇವಣಿ ಎಷ್ಟು ಎಂಬುದು ಇಪ್ಪತ್ತೆರಡರ ಹುಡುಗನಿಗೆ ತಿಳಿದಿರುತ್ತದೆ. ಅವನು ಕಟ್ಟೆಯ ಮೇಲೆ ಕೂತು ಬಾಯಿಬಿಡುವುದಿಲ್ಲ ಎಂಬ ನಂಬಿಕೆಯೇ ಅವನ ಪದವಿಗಿಂತ ದೊಡ್ಡ ಬಂಡವಾಳ. ಜಾಣ ಹುಡುಗರು ‘ಕೀಪಾಸ್’ ಎಂಬ ಉಚಿತ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಹಾಕಿ, ಅದರ ಮೂಲ ಗುಪ್ತಪದವನ್ನು ಲಕೋಟೆಯಲ್ಲಿ ಮುಚ್ಚಿ ಮಾಲೀಕರ ತಿಜೋರಿಗೇ ಒಪ್ಪಿಸುತ್ತಾರೆ. ಪುಕ್ಕಟೆ ಸಿಗುವ ‘ಕ್ರ್ಯಾಕ್’ ಹಾಕಿಕೊಡು ಎಂದಾಗ ಒಲ್ಲೆ ಎನ್ನುವುದೂ ಅವರಿಗೆ ಗೊತ್ತು. ಇಂಥ ಕದ್ದ ತಂತ್ರಾಂಶ ಕಳ್ಳನನ್ನೂ ಜತೆಗೆ ಕರೆತಂದೀತು.

ಬಗೆಹರಿಯದೆ ಉಳಿದಿರುವುದು ಸಂಬಳ. ಕೆಟ್ಟದ್ದನ್ನು ಸರಿಮಾಡಿದರೆ ರೊಕ್ಕ ಬರುತ್ತದೆ. ಕೆಡದಂತೆ ನೋಡಿಕೊಂಡರೆ ಒಂದು ಕಪ್ ಚಹಾ. ಅಂದರೆ ಹುಡುಗ ಕೆಲಸ ಚೆನ್ನಾಗಿ ಮಾಡಿದಷ್ಟೂ ಅವನ ಗಳಿಕೆ ಇಳಿಯುತ್ತದೆ. ವರ್ಷಕ್ಕಿಷ್ಟು ಎಂದು ಗುತ್ತಿಗೆ ಮಾಡಿ, ತಿಂಗಳಿಗೊಮ್ಮೆ ನಕಲು ತೆರೆದು ತೋರಿಸುವ ಷರತ್ತು ಬರೆದು, ತೋರಿಸಿದ ತಾರೀಕಿಗೆ ಒಂದು ವಹಿಯಲ್ಲಿ ಮಾಲೀಕರ ರುಜು ಪಡೆಯುವುದು ನ್ಯಾಯವಾದ ದಾರಿ. ಈ ಮಾತು ಎತ್ತಲು ಹುಡುಗನಿಗೆ ನಾಚಿಕೆ. ಅದೇ ಅಂಗಡಿಯಲ್ಲಿ ಇಪ್ಪತ್ತು ವರ್ಷ ಗೊಬ್ಬರದ ಉದ್ರಿ ತಂದ ಅಪ್ಪನಿಗೆ ಮಾತ್ರ ಸಾವಕಾರರ ಎದುರು ಕೂತು ದರ ಮಾತಾಡುವುದು ಚೆನ್ನಾಗಿ ಗೊತ್ತು.