ಪಳಗುವ ಕಾಲ

ನಿಮ್ಮ ಮನೆಗೆ ಹೊಸ ದೋಸೆ ಕಾವಲಿ ಬಂದ ದಿನವನ್ನು ಸ್ವಲ್ಪ ನೆನಪಿಸಿಕೊಳ್ಳಿ. ತಂದ ಗಳಿಗೆಯಲ್ಲೇ ಅದರ ಮೇಲೆ ಹಿಟ್ಟು ಹುಯ್ಯುವವರು ಯಾರೂ ಇಲ್ಲ. ಎಣ್ಣೆ ಸವರಿ, ಈರುಳ್ಳಿಯಿಂದ ಉಜ್ಜಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿ ಅದನ್ನು ಪಳಗಿಸುತ್ತಾರೆ. ಹೊಸ ಮಣ್ಣಿನ ಮಡಕೆಯೂ ಹಾಗೆಯೇ. ನೊಗಕ್ಕೆ ಕಟ್ಟುವ ಎಳೆಯ ಹೋರಿಯೂ ಹಾಗೆಯೇ. ನಮ್ಮ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಮೈಸೂರು ದಸರೆಗೆ ಹೊರಡುವ ಆನೆಗಳನ್ನು ತಾವು ಕಂಡಿರಬಹುದು. ಅವು ಮೈಸೂರು ತಲುಪಿದೊಡನೆ ಯಾರೂ ಅಂಬಾರಿ ಹೊರಿಸುವುದಿಲ್ಲ. ಮೊದಲು ಬರಿಯ ನಡಿಗೆ, ಬಳಿಕ ಮರಳಿನ ಮೂಟೆ, ಬಳಿಕ ಮರದ ಅಂಬಾರಿ. ಫಿರಂಗಿಯ ಸದ್ದಿಗೆ ಬೆದರದಂತೆ ಬೇರೆಯೇ ತಾಲೀಮು. ಸುಮಾರು 750 ಕಿಲೋ ತೂಗುವ ಚಿನ್ನದ ಅಂಬಾರಿ ಬೆನ್ನಿಗೇರುವುದು ಇಷ್ಟೆಲ್ಲ ಮುಗಿದ ಮೇಲೆ, ಕಟ್ಟಕಡೆಯ ದಿನ.

ಧ್ವನಿವರ್ಧಕದ ಪೆಟ್ಟಿಗೆಯನ್ನೂ ಹೀಗೆ ಪಳಗಿಸಬೇಕೆಂದರೆ ತಾವು ನಗಬಹುದು. ಕಳೆದ ಆಗಸ್ಟ್ ತಿಂಗಳಿನವರೆಗೆ ನಾನೂ ನಗುತ್ತಿದ್ದವನೇ.

ನನ್ನ ತಂದೆ ಬಿಳಿಕೆರೆಯಲ್ಲಿ ರೇಡಿಯೊ ದುರಸ್ತಿ ಮಾಡುತ್ತಿದ್ದವರು. 1961ರಲ್ಲಿ, ಹದಿನೆಂಟರ ಹರೆಯದಲ್ಲಿ, ಮೈಸೂರಿನ ಒಂದು ಅಂಗಡಿಯಲ್ಲಿ ಕೆಲಸ ಕಲಿಯಲು ಸೇರಿದರು. ಬೆಂಗಳೂರಿನ ಜಾಲಹಳ್ಳಿಯಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ರೇಡಿಯೊ ವಾಲ್ವುಗಳ ತಯಾರಿಕೆ ಆರಂಭಿಸಿದ್ದೂ ಅದೇ ವರ್ಷ. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಿಂದ ಪರವಾನಗಿ ಪಡೆಯಬೇಕಾಗಿದ್ದ ಕಾಲ ಅದು. ಮೈಸೂರಿಗಂತೂ ರೇಡಿಯೊ ಮನೆಯ ಮಗುವಿದ್ದಂತೆ. 1935ರಲ್ಲಿ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ್ದರು. ಇಂದು ದೇಶವೆಲ್ಲ ಬಳಸುವ ‘ಆಕಾಶವಾಣಿ’ ಎಂಬ ಹೆಸರು ಅಲ್ಲಿ ಆಗಲೇ ಬಳಕೆಯಲ್ಲಿತ್ತು. ತಂದೆಯವರ ಗುರುಗಳು ಈ ಕಥೆಯನ್ನು ಹೇಳುತ್ತಲೇ ಬೆಸುಗೆ ಹಾಕುವುದನ್ನು ಕಲಿಸಿದರಂತೆ.

ಆ ಕಾಲದಲ್ಲಿ ತಂದೆ ತಮಗಾಗಿ ಒಂದು ಆಂಪ್ಲಿಫೈಯರ್ ಕಟ್ಟಿಕೊಂಡರು. ಎರಡು ಬದಿಗೆ ಎರಡು ಇಎಲ್84 ವಾಲ್ವು, ಅವುಗಳ ಮುಂದೆ ಒಂದು ಇಸಿಸಿ83, ಹಿಂದೆ ಎರಡು ಕಬ್ಬಿಣದ ಟ್ರಾನ್ಸ್‌ಫಾರ್ಮರು. ಸ್ವಿಚ್ ಹಾಕಿದರೆ ಅರ್ಧ ನಿಮಿಷ ಮೌನ. ಗಾಜಿನೊಳಗೆ ತಂತಿ ಕೆಂಪಗೆ ಕಾದ ಮೇಲೆಯೇ ಮಾತು. ಊರಿನ ಹಬ್ಬ, ಮದುವೆ, ದೇವಾಲಯದ ವಾರ್ಷಿಕೋತ್ಸವ ಇವೆಲ್ಲಕ್ಕೂ ಅಂಗಡಿಯ ಬೇರೆ ಸಲಕರಣೆ ಹೋಗುತ್ತಿತ್ತು. ಇದು ಮಾತ್ರ ಮನೆಬಿಟ್ಟು ಹೋಗಲಿಲ್ಲ.

1998ರಲ್ಲಿ ಅಂಗಡಿ ಮುಚ್ಚಿತು. ಮುಚ್ಚಿಸಿದವನು ನಾನೇ. ಬೆಂಗಳೂರಿನಲ್ಲಿ ನೌಕರಿ ಹಿಡಿದಿದ್ದ ನನಗೆ, ಮೂರು ದಿನಕ್ಕೊಂದು ಟೇಪ್ ರೆಕಾರ್ಡರ್ ಬರುವ ಆ ಕೋಣೆಗೆ ಬಾಡಿಗೆ ಕಟ್ಟುವುದು ವ್ಯರ್ಥವೆನಿಸಿತು. “ಸಾಕು ಬಿಡಿ ಅಪ್ಪಾ” ಎಂದೆ. ಅವರು ಎದುರಾಡಲಿಲ್ಲ. ಅಂದಿನಿಂದ ನಮ್ಮಿಬ್ಬರ ನಡುವೆ ಉಳಿದದ್ದು “ಊಟ ಆಯ್ತಾ, ಮಳೆ ಬಂತಾ” ಎಂಬಷ್ಟೇ ಮಾತು. ಅವರ ಕಿವಿ ಮಂದವಾದ ಮೇಲೆ ಅದೂ ನಿಂತಿತು. ಶ್ರವಣಯಂತ್ರ ಕೊಡಿಸಿದೆವು. ಎರಡು ದಿನ ಹಾಕಿ, “ತಗಡಿನ ಡಬ್ಬದೊಳಗೆ ಕೂತಂಗಾಯ್ತದೆ” ಎಂದು ತೆಗೆದು ಪೆಟ್ಟಿಗೆಯಲ್ಲಿಟ್ಟರು.

ಅವರಿಗೆ ಎಂಬತ್ತೆರಡು ತುಂಬಿದಾಗ ಏನಾದರೂ ಕೊಡಬೇಕೆನಿಸಿತು. ಹಳೆಯ ಆಂಪ್ಲಿಫೈಯರಿಗೆ ಹೊಂದುವ ಎಂಟು ಅಂಗುಲದ ಎರಡು ಕಾಗದದ ಕೋನಿನ ಸ್ಪೀಕರುಗಳನ್ನು ತಂದು, ಹುಣಸೂರಿನ ಬಡಗಿಯೊಬ್ಬರಿಂದ ಪೆಟ್ಟಿಗೆ ಮಾಡಿಸಿದೆ. ‘ಹೊಂದುವ’ ಎಂಬ ಮಾತಿಗೆ ಕಾರಣವಿದೆ. ಇಂತಹ ವಾಲ್ವು ಒಂದೊಂದರಿಂದ ದೊರೆಯುವುದು ನಾಲ್ಕೈದು ವಾಟ್ ಮಾತ್ರ. ಸಾಮಾನ್ಯ ಸ್ಪೀಕರು ತನಗೆ ಬಂದ ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲನ್ನೂ ಶಬ್ದವಾಗಿ ಕೊಡುವುದಿಲ್ಲ. ಉಳಿದದ್ದೆಲ್ಲ ಶಾಖವಾಗಿ ಹೋಗುತ್ತದೆ. ಒಂದು ವಾಟಿಗೆ, ಒಂದು ಮೀಟರು ದೂರದಲ್ಲಿ, 87 ಡೆಸಿಬೆಲ್ ಕೊಡುವುದು ಸಾಮಾನ್ಯ ಸ್ಪೀಕರು. 96 ಕೊಡುವುದು ಹೆಚ್ಚಿನ ದಕ್ಷತೆಯದು. ಪ್ರತಿ ಮೂರು ಡೆಸಿಬೆಲಿಗೆ ವಿದ್ಯುತ್ತಿನ ಅಗತ್ಯ ಇಮ್ಮಡಿಯಾಗುವುದರಿಂದ, ಒಂಬತ್ತರ ಅಂತರವೆಂದರೆ ಎಂಟು ಪಟ್ಟು. ಇದು ಐದು ವಾಟಿನಲ್ಲಿ ಮಾಡುವ ಕೆಲಸಕ್ಕೆ ಅದಕ್ಕೆ ನಲವತ್ತು ವಾಟ್ ಬೇಕು. ಹಿಂದಿನ ಸಿನಿಮಾ ಮಂದಿರಗಳ ಸ್ಪೀಕರುಗಳು ಅಷ್ಟು ಸೂಕ್ಷ್ಮವಾಗಿದ್ದುದು ಇದೇ ಕಾರಣಕ್ಕೆ. ಆಗ ವಾಟ್ ದುಬಾರಿ. ಟ್ರಾನ್ಸಿಸ್ಟರು ಬಂದು ವಾಟ್ ಅಗ್ಗವಾದ ಮೇಲೆ ಪೆಟ್ಟಿಗೆಗಳು ಚಿಕ್ಕವಾದವು, ಅವುಗಳ ಹಸಿವು ದೊಡ್ಡದಾಯಿತು.

ಮೊದಲ ದಿನ ಜೋಡಿಸಿ ಕೇಳಿದಾಗ ನನಗೆ ನಿರಾಶೆಯಾಯಿತು. ಹಾಡುವವರ ಗಂಟಲು ಬಿಗಿದಂತೆ, ಮೃದಂಗಕ್ಕೆ ಹೊಟ್ಟೆಯೇ ಇಲ್ಲದಂತೆ. ದುಡ್ಡು ಹಾಳಾಯಿತೆಂದು ನನ್ನ ಮುಖ ಸಣ್ಣಗಾದುದನ್ನು ಕಂಡು ತಂದೆ, “ಅವಸರ ಮಾಡಬ್ಯಾಡ ಕಣಪ್ಪ. ಇನ್ನೂ ಹಸಿ. ನಲವತ್ತು ಗಂಟೆ ದುಡೀಲಿ” ಎಂದರು.

ಕೋನಿನ ಅಂಚಿನಲ್ಲಿರುವ ಬಟ್ಟೆಯ ಮಡಿಕೆ, ಹಿಂದೆ ಸುರುಳಿಯನ್ನು ನಡುಮಧ್ಯದಲ್ಲಿ ಹಿಡಿದಿಡುವ ಅಂಟು ಹಚ್ಚಿದ ಬಟ್ಟೆ, ಇವೆರಡೂ ಹೊಸದರಲ್ಲಿ ಬಿಗಿಯಾಗಿರುತ್ತವೆ. ಕೋನು ಹಿಂದೆ ಮುಂದೆ ಆಡಿದಷ್ಟೂ ಸಡಿಲಗೊಳ್ಳುತ್ತವೆ. ಹಾಗೆಂದು ಮೊದಲ ದಿನವೇ ಜೋರಾಗಿ ಹಚ್ಚಿದರೆ ಕೆಡುತ್ತದೆ. ಹದವಾದ ಸದ್ದು ಸಾಕು. ಅಷ್ಟು ಹೊತ್ತು ಮನೆಮಂದಿಗೆ ಕಿರಿಕಿರಿಯಾಗದಿರಲು ತಂದೆಗೆ ಒಂದು ಉಪಾಯ ಗೊತ್ತಿತ್ತು. ಎರಡು ಪೆಟ್ಟಿಗೆಗಳನ್ನು ಎದುರುಬದುರು ಮುಖ ಮಾಡಿ ಹತ್ತಿರವಿಟ್ಟು, ಒಂದರ ಕೆಂಪು ಕಪ್ಪು ತಂತಿಗಳನ್ನು ಅದಲುಬದಲು ಮಾಡಿ, ಎರಡಕ್ಕೂ ಒಂದೇ ಹಾಡನ್ನು ಕೊಟ್ಟರು. ಒಂದು ಗಾಳಿಯನ್ನು ನೂಕುವಾಗ ಇನ್ನೊಂದು ಸೆಳೆಯುತ್ತದೆ. ಸದ್ದನ್ನು ಸದ್ದೇ ನುಂಗುತ್ತದೆ. ಮೇಲೆ ಕಂಬಳಿ ಹೊದಿಸಿದರೆ ಉಳಿಯುವುದು ಗೊಣಗಾಟವಷ್ಟೆ. ಕೋನುಗಳು ಮಾತ್ರ ಒಳಗೆ ಪೂರ್ತಿ ದುಡಿಯುತ್ತಿರುತ್ತವೆ.

“ಹಾಗಾದರೆ ರಾತ್ರಿಯೆಲ್ಲ ಬಿಟ್ಟು ಮಲಗೋಣ” ಎಂದೆ. ತಂದೆ ಒಪ್ಪಲಿಲ್ಲ. ಅವರ ಮಾತು ಸರಿಯಾದುದೇ. ವಾಲ್ವಿನ ಯಂತ್ರದೊಳಗೆ ಇನ್ನೂರೈವತ್ತು ವೋಲ್ಟಿನಷ್ಟು ಒತ್ತಡ ಇರುತ್ತದೆ. ಆರಿಸಿದ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದು ಜೀವಕ್ಕೇ ಅಪಾಯವಾಗಬಲ್ಲದು. ನುಡಿಯುತ್ತಿರುವಾಗ ಸ್ಪೀಕರಿನ ತಂತಿ ಕಳಚಿದರೆ ಟ್ರಾನ್ಸ್‌ಫಾರ್ಮರು ಸುಟ್ಟುಹೋಗುವ ಸಂಭವವೂ ಇದೆ. “ಕಾವಲಿಲ್ಲದೆ ಒಲೆ ಉರಿಸ್ತಾರೇನೋ?” ಎಂದರು. ಹೊಗೆಸೊಪ್ಪಿನ ಬ್ಯಾರನ್‌ಗಳ ಮುಂದೆ ಜನ ರಾತ್ರಿಯಿಡೀ ಎಚ್ಚರವಿದ್ದು, ಬೆಂಕಿಯನ್ನು ಹಂತಹಂತವಾಗಿ ಏರಿಸುವ ತಿಂಗಳು ಅದು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹೀಗೆ, ಆತ್ಮೀಯರೇ, ದಿನಕ್ಕೆ ನಾಲ್ಕು ಗಂಟೆಯಂತೆ ಹತ್ತು ಸಂಜೆ ನಾವಿಬ್ಬರೂ ಒಂದು ಕಂಬಳಿಯ ಮುಂದೆ ಕುಳಿತೆವು. ಹಿಂದಿನ ಹತ್ತು ವರ್ಷಗಳಲ್ಲಿ ಒಟ್ಟಾಗಿ ಅಷ್ಟು ಹೊತ್ತು ಕುಳಿತಿರಲಿಲ್ಲ. ಮೈಸೂರು ಆಕಾಶವಾಣಿ ಕಂಬಳಿಯೊಳಗೆ ನುಡಿಯುತ್ತಿತ್ತು. ತಂದೆ ಆಗಾಗ ಕೈಯನ್ನು ಒಳಗೆ ತೂರಿಸಿ, ಪೆಟ್ಟಿಗೆಯ ಅಂಚಿಗೆ ಬೆರಳಿಟ್ಟು, “ಹೂಂ, ದುಡೀತಾ ಇದೆ” ಎನ್ನುವರು. ಕೇಳಿಸದ ಹಾಡನ್ನು ಅವರು ಬೆರಳಿನಿಂದ ತಿಳಿಯುತ್ತಿದ್ದರು. ಬಳಿಕ ಹಳೆಯ ಸಂಗತಿಗಳನ್ನು ಹೇಳುವರು. ಹೇಳುವುದಕ್ಕೆ ಕಿವಿ ಬೇಕಿಲ್ಲವಲ್ಲ! ಕೇಳುವ ಕಿವಿ ನನ್ನದಾಗಿತ್ತು. ಅದೂ ಇಷ್ಟು ವರ್ಷ ಮಂದವಾಗಿಯೇ ಇತ್ತು.

ಏಳನೆಯ ಸಂಜೆ, ಅವರು ಬೇರೆ ಕಡೆ ನೋಡುತ್ತಿದ್ದಾಗ, ಕೇಳಿಸದೆಂಬ ಧೈರ್ಯದಿಂದಲೇ ನಾನು ಮೆಲ್ಲಗೆ, “ಅಂಗಡಿ ಮುಚ್ಚಿಸಿದ್ದು ನನ್ನ ತಪ್ಪು ಅಪ್ಪಾ” ಎಂದೆ. ಅವರು ಅಲುಗಲಿಲ್ಲ. ನನಗೆ ಹಗುರವೂ ಆಯಿತು, ನಾಚಿಕೆಯೂ ಆಯಿತು.

ಮರುದಿನ ಸಂಜೆ ಬಂದು ಕುಳಿತಾಗ ಅವರ ಬಲಗಿವಿಯಲ್ಲಿ ಶ್ರವಣಯಂತ್ರವಿತ್ತು. “ನಿನ್ನೆ ಏನೋ ಅಂದೆಯಲ್ಲ, ತುಟಿ ಆಡ್ತಿತ್ತು. ಇನ್ನೊಂದು ಸಲ ಅನ್ನು” ಎಂದರು. ಆ ಮಾತನ್ನು ಎರಡನೆಯ ಸಲ ಹೇಳುವುದು ಎಷ್ಟು ಕಷ್ಟವೆಂಬುದನ್ನು ನಾನು ನಿಮಗೆ ವಿವರಿಸಬೇಕಿಲ್ಲ. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಚ್ಚಿದ್ದಕ್ಕಲ್ಲ ಕಣಪ್ಪ. ಮುಚ್ಚಲೇಬೇಕಿತ್ತು. ಬೀಗ ಹಾಕೋ ದಿನ ನೀನು ಬರಲಿಲ್ಲವಲ್ಲ, ಅದು” ಎಂದರು. ಅಷ್ಟೇ. ಇಪ್ಪತ್ತೇಳು ವರ್ಷಗಳಿಂದ ನಾನು ಬೇರೊಂದು ತಪ್ಪಿಗಾಗಿ ಮನಸ್ಸಿನಲ್ಲೇ ವಾದ ಹೂಡುತ್ತಿದ್ದೆ. ನಿಜವಾದ ತಪ್ಪು ಯಾವುದೆಂದು ಕೇಳಿಯೇ ಇರಲಿಲ್ಲ.

ಹತ್ತನೆಯ ಸಂಜೆ ಕಂಬಳಿ ತೆಗೆದು, ಪೆಟ್ಟಿಗೆಗಳನ್ನು ಗೋಡೆಯ ಕಡೆಗೆ ಸರಿಸಿ, ತಂತಿಯನ್ನು ಸರಿಪಡಿಸಿ ಹಚ್ಚಿದೆವು. ಗಂಟಲು ತೆರೆದಿತ್ತು, ಮೃದಂಗಕ್ಕೆ ಹೊಟ್ಟೆ ಬಂದಿತ್ತು. “ನೋಡಿ ಅಪ್ಪಾ, ನಲವತ್ತು ಗಂಟೆಯ ಮಹಿಮೆ!” ಎಂದೆ. ತಂದೆ ನಕ್ಕು ಒಂದು ಚೀಟಿ ಕೊಟ್ಟರು. ಕೋನು ತಾನಾಗಿ ಯಾವ ಸ್ವರಕ್ಕೆ ಅನುರಣಿಸುತ್ತದೆಂಬುದನ್ನು ಅವರು ಹಳೆಯ ಆಸಿಲೇಟರ್ ಮತ್ತು ಮೀಟರಿನಿಂದ ಅಳೆದು ಬರೆದಿಟ್ಟಿದ್ದರು. ಅಂಚು ಸಡಿಲವಾದಂತೆ ಆ ಸ್ವರ ತಗ್ಗುತ್ತದೆ. ಮೊದಲ ಸಂಜೆ ಮುಗಿಯುವಷ್ಟರಲ್ಲೇ ಅದು ನಾಲ್ಕು ಹರ್ಟ್ಸ್ ಇಳಿದಿತ್ತು. ಉಳಿದ ಒಂಬತ್ತು ಸಂಜೆಗಳಲ್ಲಿ ಇಳಿದದ್ದು ಒಂದೇ ಒಂದು. “ಪೆಟ್ಟಿಗೆ ಮೊದಲ ದಿನವೇ ಪಳಗಿಬಿಡ್ತು. ಮಿಕ್ಕ ದಿನ ಪಳಗಿದ್ದು ನಿನ್ನ ಕಿವಿ” ಎಂದರು.

ಇದು ಗೊತ್ತಿದ್ದೂ ನಲವತ್ತು ಗಂಟೆ ಏಕೆ ಕೂರಿಸಿದಿರೆಂದು ನಾನು ಕೇಳಲಿಲ್ಲ. ಕೇಳಬೇಕಾದ ಅಗತ್ಯವಿರಲಿಲ್ಲ.

ಕೇಳಿದ್ದು ಬೇರೆಯೇ ಮಾತು. “ಸ್ಪೀಕರಿಗೆ ನಲವತ್ತು ಗಂಟೆ ಕೊಟ್ಟವರು ನಿಮ್ಮ ಕಿವಿಗೆ ಎರಡೇ ದಿನ ಕೊಡುವುದು ನ್ಯಾಯವೇ?” ವಯಸ್ಸಾದವರಿಗೆ ಮೊದಲು ಮರೆಯಾಗುವುದು ಎತ್ತರದ ಸದ್ದುಗಳು. ‘ಅ’, ‘ಓ’ ಎಂಬ ಸ್ವರಗಳು ಕೇಳಿಸುತ್ತವೆ. ‘ಸ’, ‘ಶ’, ‘ತ’ ಮುಂತಾದ ವ್ಯಂಜನಗಳು ಜಾರಿಹೋಗುತ್ತವೆ. ಆದ್ದರಿಂದಲೇ ಅವರು “ಕೇಳಿಸುತ್ತದೆ, ತಿಳಿಯುವುದಿಲ್ಲ” ಎನ್ನುತ್ತಾರೆ, ಕಿರುಚಿದರೂ ಪ್ರಯೋಜನವಾಗುವುದಿಲ್ಲ. ಯಂತ್ರವು ಆ ಸದ್ದುಗಳನ್ನು ಮರಳಿಸಿದಾಗ, ಅವುಗಳನ್ನು ಮರೆತಿದ್ದ ಮಿದುಳಿಗೆ ಎಲ್ಲವೂ ತಗಡಿನ ಸದ್ದಾಗಿ ತೋರುತ್ತದೆ. ಹೊಂದಿಕೊಳ್ಳಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಅವರನ್ನು ಕರೆದೊಯ್ದು ಮತ್ತೊಮ್ಮೆ ಪರೀಕ್ಷೆ ಮಾಡಿಸಿ, ಯಂತ್ರವನ್ನು ಹದಗೊಳಿಸಿಕೊಂಡು ಬಂದೆವು. ಈಗ ತಂದೆ ದಿನಕ್ಕೆ ಇಂತಿಷ್ಟು ಗಂಟೆಯೆಂದು ಅದೇ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಬರೆಯುತ್ತಾರೆ. ಮೊದಲು ನಿಶ್ಶಬ್ದವಾದ ಕೋಣೆ, ಬಳಿಕ ಒಬ್ಬರೊಡನೆ ಮಾತು, ಬಳಿಕ ಬೀದಿ. ಮರಳಿನ ಮೂಟೆ, ಮರದ ಅಂಬಾರಿ ಎಂಬಂತೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲೂ ಪೆಟ್ಟಿಗೆಯೊಳಗೆ ಮಲಗಿರುವ ಶ್ರವಣಯಂತ್ರವೊಂದು ಇರಬಹುದು. ಅದನ್ನು ಹಾಕಿಕೊಳ್ಳಿರೆಂದು ಹಿರಿಯರನ್ನು ಗದರಿಸಬೇಡಿ. ದಿನಕ್ಕೆ ಒಂದು ಗಂಟೆ ಅವರ ಎದುರು ಕುಳಿತು, ಮುಖ ತೋರಿಸಿ, ನಿಧಾನವಾಗಿ ಮಾತನಾಡಿ. ಮೊದಲ ದಿನ ಬಿಗಿಯಾಗಿಯೇ ಇರುತ್ತದೆ. ಮಾತು ಕಡಿದುಹೋದ ಬಂಧುವಿನ ಮನೆಗೆ ಮೊದಲ ಸಲ ಹೋದಾಗಲೂ ಅಷ್ಟೇ. ಕಾಫಿ ಕುಡಿದು, ಮಳೆಯ ವಿಷಯ ಆಡಿ ಎದ್ದು ಬರುತ್ತೇವೆ. ಫಲವಿಲ್ಲವೆಂದು ಅಲ್ಲಿಗೇ ಬಿಡುತ್ತೇವೆ. ಎರಡನೆಯ, ಏಳನೆಯ ಸಂಜೆಗಳಿಗೂ ಹೋಗಬೇಕು.

ಕಳೆದ ವಾರ ಫೋನು ಮಾಡಿದ್ದೆ. “ಊಟ ಆಯ್ತಾ ಅಪ್ಪಾ?” ಎಂದೆ, ಹಳೆಯ ಅಭ್ಯಾಸದಂತೆ. “ಆಯ್ತು. ಅದಿರಲಿ, ಇನ್ನೇನು ಸಮಾಚಾರ, ಹೇಳು” ಎಂದರು. ಹೇಳುತ್ತಾ ಹೋದೆ. ಆ ಬದಿಯಲ್ಲಿ ಅವರು ಹೂಂಗುಟ್ಟುತ್ತಿದ್ದರು.