ಹೆಸರೊಂದು, ಲೆಕ್ಕ ಹಲವು

ನಮ್ಮ ಪಾಠಶಾಲೆಯಲ್ಲಿ ಕಂಪ್ಯೂಟರ್ ವಿದ್ಯೆಯನ್ನು ಕಲಿಯುವ ಹುಡುಗಿಯರ ತಾಯಿತಂದೆಗಳು, “ಇದರಿಂದ ಉದ್ಯೋಗವು ದೊರೆತೀತು, ಬುದ್ಧಿಗೆ ಸಂಸ್ಕಾರವು ದೊರೆತೀತೇ?” ಎಂದು ನಮ್ಮನ್ನು ಕೇಳುವುದುಂಟು. ಒಂದು ಪಾಠವನ್ನೇ ಉತ್ತರವಾಗಿ ಮುಂದಿಡುತ್ತೇವೆ.

ಜಾವಾ ಭಾಷೆಯಲ್ಲಿ ‘ಖಾತೆ’ ಎಂಬ ಮೂಲವರ್ಗವನ್ನು ರಚಿಸಿ, ಅದರಲ್ಲಿ ‘ಬಡ್ಡಿ’ ಎಂಬ ಮೆಥಡನ್ನು ಇಟ್ಟೆವೆನ್ನಿ. ಉಳಿತಾಯ ಖಾತೆ, ಮುದ್ದತಿ ಠೇವಣಿ ಎಂಬ ಉಪವರ್ಗಗಳು ಅದನ್ನು ಪಿತ್ರಾರ್ಜಿತದಂತೆ ಪಡೆಯುತ್ತವೆ. ಆದರೂ ಅದೇ ಹೆಸರಿನಲ್ಲಿ ತಂತಮ್ಮ ಲೆಕ್ಕವನ್ನು ಬರೆದುಕೊಳ್ಳಬಹುದು. ಇದೇ ಓವರ್‌ರೈಡಿಂಗ್. ಬಳಿಕ ಎಲ್ಲ ಖಾತೆಗಳಿಗೂ ‘ಬಡ್ಡಿ’ ಎಂಬ ಒಂದೇ ಆಜ್ಞೆಯನ್ನಿತ್ತರೆ, ಎದುರಿಗಿರುವ ವಸ್ತುವು ಯಾವ ವರ್ಗದ್ದೋ ಆ ವರ್ಗದ ಲೆಕ್ಕವೇ ನಡೆಯುತ್ತದೆ. ಇದು ಬಹುರೂಪತೆ, ಎಂದರೆ ಪಾಲಿಮಾರ್ಫಿಸಂ. ನಾಳೆ ಹೊಸ ಬಗೆಯ ಖಾತೆಯು ಬಂದರೂ ಆಜ್ಞೆಯನ್ನೀಯುವ ಹಳೆಯ ಸಾಲುಗಳನ್ನು ತಿದ್ದಬೇಕಾಗಿಲ್ಲ. ನಾರ್ವೆಯ ಡಾಲ್ ಮತ್ತು ನೈಗಾರ್ಡರು ರಚಿಸಿದ ಸಿಮುಲಾ 67 ಭಾಷೆಯಲ್ಲಿಯೇ ಈ ಉಪಾಯವಿತ್ತು.

ಈ ಸ್ವಾತಂತ್ರ್ಯಕ್ಕೆ ಮೇರೆಯುಂಟು. ಉಪವರ್ಗದಲ್ಲಿ ಹೆಸರಿನ ಒಂದಕ್ಷರ ತಪ್ಪಿದರೆ ಅದು ಬೇರೆಯೇ ಮೆಥಡಾಗಿ, ಮೂಲದ ಲೆಕ್ಕವೇ ಸದ್ದಿಲ್ಲದೆ ನಡೆದುಹೋಗುತ್ತದೆ. 2004ರ ಜಾವಾ 5ರಿಂದ ಈಚೆಗೆ, ‘ಓವರ್‌ರೈಡ್’ ಎಂಬ ಗುರುತನ್ನಿಟ್ಟರೆ ಕಂಪೈಲರು ಈ ತಪ್ಪನ್ನು ಹಿಡಿಯುತ್ತದೆ. ಆದರೆ ಹೆಸರು ಸರಿಯಿದ್ದು ಒಳಗಿನ ಲೆಕ್ಕವೇ ಮಾತಿಗೆ ತಪ್ಪಿದರೆ ಅದಕ್ಕೆ ತಿಳಿಯದು. ಮೂಲವರ್ಗವನ್ನು ನಂಬಿದ ಪ್ರೋಗ್ರಾಮಿಗೆ ಉಪವರ್ಗದಿಂದ ಮೋಸವಾಗಕೂಡದೆಂಬ ತತ್ತ್ವವನ್ನು 1987ರಲ್ಲಿ ಮುಂದಿಟ್ಟವರು ಬಾರ್ಬರಾ ಲಿಸ್ಕೋವ್ ಎಂಬ ವಿದುಷಿ.

ತಾಯಿಯಿಂದ ಪಡೆದುದನ್ನು ಮಗಳು ತನ್ನ ರೀತಿಯಲ್ಲಿ ನಡೆಸಬಹುದು. ತಾಯಿ ಕೊಟ್ಟ ಮಾತನ್ನು ಮುರಿಯಲಾಗದು. ಈ ವಿವೇಕವನ್ನು ಯಂತ್ರವು ಒದಗಿಸದು, ಬರೆಯುವವಳೇ ತಂದುಕೊಳ್ಳಬೇಕು. ಆದಕಾರಣ ಈ ವಿದ್ಯೆಯನ್ನು ಬರಿಯ ಜೀವನೋಪಾಯವೆಂದು ನಾವು ಎಣಿಸುವುದಿಲ್ಲ.