ನೂರಾ ಎರಡು ರೊಟ್ಟಿ

ಕಮಲಾಪುರದ ಆ ಓಣಿಯಲ್ಲಿ ಕೋಳಿ ಕೂಗುವುದಕ್ಕೆ ಮೊದಲೇ ರೊಟ್ಟಿ ಬಡಿಯುವ ಸದ್ದು ಕೇಳುತ್ತದೆ. ನಸುಕಿನ ಮೂರು ಗಂಟೆಗೆ ಒಂದು ಮನೆಯಲ್ಲಿ ಆರಂಭವಾಗುವ ಈ ಸದ್ದು ಸ್ವಲ್ಪ ಹೊತ್ತಿನಲ್ಲೇ ನಾಲ್ಕೈದು ಮನೆಗಳಿಗೆ ಹಬ್ಬುತ್ತದೆ. ಹೊಸಬರಿಗೆ ನಿದ್ದೆಗೇಡು, ಓಣಿಯವರಿಗೆ ಅದೇ ಗಡಿಯಾರ. ಹುಮನಾಬಾದ್ ರಸ್ತೆಯಲ್ಲಿ ಹೋಗುವವರು ಕಮಲಾಪುರವನ್ನು ಕೆಂಪು ಬಾಳೆಹಣ್ಣಿನಿಂದ ಗುರುತಿಸುತ್ತಾರೆ. ಆದರೆ ಕಲಬುರಗಿ ನಗರದ ಖಾನಾವಳಿಯಲ್ಲಿ ಮಧ್ಯಾಹ್ನ ಉಂಡೇಳುವ ಎಷ್ಟೋ ಮಂದಿಗೆ, ತಮ್ಮ ತಟ್ಟೆಗೆ ಬಿದ್ದ ರೊಟ್ಟಿ ಯಾವ ಊರಿನಲ್ಲಿ, ಯಾವ ಹೊತ್ತಿನಲ್ಲಿ ಬೆಂದಿತೆಂಬುದು ಗೊತ್ತಿರುವುದಿಲ್ಲ.

ಮೊದಲು ಸದ್ದು ಕೇಳಿಬರುವ ಮನೆಯಲ್ಲಿ ಇರುವವರು ಮೂವರು. ಎರಡು ಎಕರೆ ಒಣಬೇಸಾಯದ ತಂದೆ, ರೊಟ್ಟಿ ಮಾಡುವ ತಾಯಿ, ಕಲಬುರಗಿಯಲ್ಲಿ ಪಿಯುಸಿ ಎರಡನೆಯ ವರ್ಷದ ವಿಜ್ಞಾನ ಓದುತ್ತಿದ್ದ ಮಗಳು. ತಾಯಿ ಸಂಜೆ ಬಿಳಿಜೋಳ ಹಸನು ಮಾಡಿ ಗಿರಣಿಗೆ ಒಯ್ದು ಬೀಸಿಸುತ್ತಾಳೆ. ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ ಎಂಬುದು ಅವಳು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ನಸುಕಿನಲ್ಲಿ ಎಸರಿಟ್ಟು, ಕುದಿಯುವ ನೀರನ್ನು ಹಿಟ್ಟಿಗೆ ಸುರಿದು, ಕೈ ಸುಡುವಷ್ಟು ಬಿಸಿಯಿರುವಾಗಲೇ ನಾದುತ್ತಾಳೆ. ಏಳು ಗಂಟೆಗೆ ಕೆಲಸ ಮುಗಿಯುತ್ತದೆ. ಮೊದಲು ಬೆಂದ ಎರಡು ರೊಟ್ಟಿ ಬೇರೆ ಬುಟ್ಟಿಗೆ. ಉಳಿದ ನೂರು ಬಟ್ಟೆಯ ಗಂಟಿಗೆ.

ಆ ಗಂಟನ್ನು ಹೊತ್ತು ಬಸ್ಸು ಹತ್ತುವುದು ಮಗಳ ಕೆಲಸವಾಗಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅವಳ ಟಿಕೆಟ್ಟಿನ ಮೇಲೆ ಸೊನ್ನೆ ಬಿದ್ದು ಮನೆಗೆ ಅಷ್ಟು ಹಗುರಾಗಿತ್ತು. ಆದರೆ ಕಾಲೇಜಿನ ಚೀಲದ ಜೊತೆ ರೊಟ್ಟಿಯ ಗಂಟು ಅವಳಿಗೆ ಹಗುರಾಗಿರಲಿಲ್ಲ. ನಗರದ ಒಂದು ಖಾನಾವಳಿಗೆ ಗಂಟು ಮುಟ್ಟಿಸಿ, ಕೈ ತೊಳೆದುಕೊಂಡು, ಗೆಳತಿಯರು ಬರುವುದಕ್ಕೆ ಮುಂಚೆ ಕಾಲೇಜು ಸೇರುತ್ತಿದ್ದಳು. ಅರ್ಜಿಗಳಲ್ಲಿ ತಾಯಿಯ ಉದ್ಯೋಗ ಎಂಬಲ್ಲಿ ‘ಮನೆಗೆಲಸ’ ಎಂದು ಬರೆಯುತ್ತಿದ್ದಳು.

2024ರ ದೀಪಾವಳಿಗೆ ತಾಯಿಯ ತಮ್ಮ ಊರಿಗೆ ಬಂದ. ಬೆಂಗಳೂರಿನ ಒಂದು ಬೇಕರಿಯಲ್ಲಿ ಅವನಿಗೆ ಕೆಲಸ. ಬರುವಾಗ ಗುಂಡಗಿನ, ಗಟ್ಟಿ ಸಿಪ್ಪೆಯ, ಕಂದು ಬಣ್ಣದ ಒಂದು ಬ್ರೆಡ್ ತಂದಿದ್ದ. ಅಕ್ಕ ಒಂದು ತುಂಡು ಮುರಿದು ಬಾಯಿಗಿಟ್ಟು ಮುಖ ಕಿವುಚಿದಳು.

“ಹಳಸ್ಯಾದಲ್ಲೋ ತಮ್ಮಾ ಇದು!”

“ಹಳಸಿಲ್ಲಕ್ಕಾ, ಹುಳಿ ಬರ್ಲಿ ಅಂತೇ ಮಾಡ್ತಾರ. ಸೋರ್‌ಡೋ ಅಂತಾರ. ಒಂದಕ್ಕ ಮುನ್ನೂರು ರೂಪಾಯಿ.”

ಮುನ್ನೂರು ಎಂಬುದನ್ನು ಕೇಳಿ ತಾಯಿ ಇನ್ನೊಂದು ತುಂಡು ಮುರಿಯಲಿಲ್ಲ.

ಸೋರ್‌ಡೋ ಎಂದರೆ ಹುಳಿಹಿಟ್ಟು. ಅಂಗಡಿಯ ಯೀಸ್ಟ್ ಬರುವುದಕ್ಕೆ ಎಷ್ಟೋ ಸಾವಿರ ವರ್ಷ ಮೊದಲಿನಿಂದ ಮನುಷ್ಯ ಬ್ರೆಡ್ ಉಬ್ಬಿಸುತ್ತಿದ್ದದ್ದು ಹೀಗೆಯೇ. ಹಿಟ್ಟು ಮತ್ತು ನೀರನ್ನು ಕಲಸಿ ಕೆಲವು ದಿನ ಇಟ್ಟು, ದಿನವೂ ಸ್ವಲ್ಪ ಹೊಸ ಹಿಟ್ಟು ಉಣಿಸುತ್ತ ಹೋದರೆ, ಧಾನ್ಯದಲ್ಲಿಯೇ ಇರುವ ಕಾಡು ಯೀಸ್ಟ್ ಮತ್ತು ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಅದರಲ್ಲಿ ಮನೆ ಮಾಡುತ್ತವೆ. ಯೀಸ್ಟ್ ಇಂಗಾಲದ ಡೈಆಕ್ಸೈಡ್ ಬಿಟ್ಟು ಹಿಟ್ಟನ್ನು ಉಬ್ಬಿಸುತ್ತದೆ. ಬ್ಯಾಕ್ಟೀರಿಯಾ ಹುಳಿ ಕೊಡುತ್ತದೆ. ನಮ್ಮ ಇಡ್ಲಿ, ದೋಸೆಯ ಹಿಟ್ಟು ರಾತ್ರಿ ಉಕ್ಕುವುದರ ಹಿಂದೆಯೂ ಇಂಥದೇ ಸೂಕ್ಷ್ಮಜೀವಿಗಳ ಕೆಲಸವಿದೆ. ಸುಡಾನಿನ ಜನ ನಮ್ಮಂತೆಯೇ ಜೋಳ ಉಣ್ಣುವವರು; ಅವರು ಹಿಟ್ಟನ್ನು ಹುಳಿಯಿಟ್ಟು ಕಿಸ್ರಾ ಎಂಬ ತೆಳುವಾದ ರೊಟ್ಟಿ ಮಾಡುತ್ತಾರೆ. 2020ರ ಲಾಕ್‌ಡೌನ್ ಕಾಲದಲ್ಲಿ ಮನೆಯೊಳಗೆ ಕುಳಿತ ಜನ ದೇಶದೇಶಗಳಲ್ಲಿ ಈ ಹಳೆಯ ವಿದ್ಯೆಯನ್ನು ಮತ್ತೆ ಕೈಗೆತ್ತಿಕೊಂಡರು.

ತಮ್ಮನಿಗೆ ಕಲಬುರಗಿಯಲ್ಲಿ ಇಂಥದೊಂದು ಬೇಕರಿ ಹಾಕುವ ಕನಸು. ಜೋಳದಲ್ಲೇ ಹುಳಿ ಬ್ರೆಡ್ ಮಾಡುತ್ತೇನೆಂದು ಹಟ ಹಿಡಿದು, ಡಬ್ಬಿಯಲ್ಲಿ ತಂದಿದ್ದ ಹುಳಿಯನ್ನು ಅಕ್ಕನ ಜೋಳದ ಹಿಟ್ಟಿಗೆ ಬೆರೆಸಿ ರಾತ್ರಿಯಿಡೀ ಇಟ್ಟ. ಬೆಳಿಗ್ಗೆ ಅದು ಹುಳಿ ವಾಸನೆ ಬೀರಿತ್ತು, ಅಲ್ಲಲ್ಲಿ ಗುಳ್ಳೆಯೂ ಎದ್ದಿತ್ತು, ಆದರೆ ಉಬ್ಬಿರಲಿಲ್ಲ. ಸುಟ್ಟು ನೋಡಿದರೆ ಇಟ್ಟಿಗೆ. ಕಾರಣವನ್ನು ಮಗಳು ಹೇಳಿದಳು. ಗೋಧಿಯಲ್ಲಿ ಗ್ಲುಟೆನ್ ಎಂಬ ಎಳೆಯುವ ಪ್ರೋಟೀನ್ ಬಲೆ ಇರುತ್ತದೆ. ಅದು ಅನಿಲವನ್ನು ಹಿಡಿದಿಡುತ್ತದೆ. ಜೋಳದಲ್ಲಿ ಆ ಬಲೆ ಇಲ್ಲ, ಹುಟ್ಟಿದ ಅನಿಲ ಸೋರಿ ಹೋಗುತ್ತದೆ.

“ಹಂಗಾದ್ರ ನಿಮ್ಮವ್ವನ ರೊಟ್ಟಿ ಹ್ಯಾಂಗ ಉಬ್ತದ?” ಎಂದು ಮಾವ ಕೇಳಿದ.

ಉತ್ತರ ಎಸರಿನಲ್ಲಿತ್ತು. ಕುದಿಯುವ ನೀರು ಬಿದ್ದಾಗ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಊದಿಕೊಂಡು ಅಂಟಾಗುತ್ತವೆ. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಈ ಅಂಟು ಒಂದಿಷ್ಟು ಮಾಡುತ್ತದೆ. ಹೆಂಚಿನ ಮೇಲೆ ಹಾಕಿದ ರೊಟ್ಟಿಗೆ ಒದ್ದೆ ಬಟ್ಟೆಯಿಂದ ನೀರು ಸವರಿ ತಿರುವಿ ಹಾಕಿದಾಗ, ಒಳಗಿನ ತೇವ ಉಗಿಯಾಗಿ ಎರಡು ಪದರಗಳನ್ನು ಬೇರ್ಪಡಿಸುತ್ತದೆ. ಯೀಸ್ಟ್ ಬೇಡ, ಹುಳಿ ಬೇಡ, ಮೂರು ನಿಮಿಷದಲ್ಲಿ ಉಬ್ಬುತ್ತದೆ. ಪ್ರಯೋಗಶಾಲೆಯಿಲ್ಲದೆ ಈ ಉಪಾಯ ಕಂಡುಕೊಂಡ ಹೆಂಗಸರ ಹೆಸರು ಯಾವ ಪಠ್ಯದಲ್ಲೂ ಇಲ್ಲ.

ಬ್ರೆಡ್ ಸುತ್ತಿದ್ದ ಕಾಗದವನ್ನು ಮಗಳು ಬಿಸಾಡದೆ ಓದಿದಳು. ಹಾಲು, ಬೆಣ್ಣೆ, ಮೊಟ್ಟೆ ಯಾವುದೂ ಇಲ್ಲದ ವೀಗನ್ ಬ್ರೆಡ್ ಎಂದಿತ್ತು. ಪ್ರಾಣಿಗಳಿಂದ ಏನನ್ನೂ ಪಡೆಯದೆ ಬದುಕುವವರಿಗಾಗಿ ಈ ಪದವನ್ನು 1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ ಮತ್ತು ಸಂಗಡಿಗರು ಬಳಕೆಗೆ ತಂದರು. ಹಿಟ್ಟು, ನೀರು, ಉಪ್ಪು ಇಷ್ಟೇ ಇರುವ ಜೋಳದ ರೊಟ್ಟಿ ಅದಕ್ಕೂ ಮೊದಲಿನಿಂದ ಹಾಗೆಯೇ ಇದೆ. ಚೀಟಿ ಅಂಟಿಸಿದವರು ಯಾರೂ ಇರಲಿಲ್ಲ. ಅಲ್ಲಿಯವರೆಗೆ ಮಗಳಿಗೆ ಹೆಮ್ಮೆಯೇ ಆಯಿತು. ಆದರೆ ಕಾಗದದ ಕೊನೆಯ ಸಾಲು ಅವಳನ್ನು ತಡೆದು ನಿಲ್ಲಿಸಿತು. ಬೆಳೆದವರಿಗೂ ದುಡಿದವರಿಗೂ ನ್ಯಾಯವಾದ ಬೆಲೆ ಕೊಟ್ಟು ಮಾಡಿದ್ದು ಎಂದು ಅದು ಹೇಳುತ್ತಿತ್ತು. ಈ ಸಾಲನ್ನು ಅವ್ವನ ರೊಟ್ಟಿಯ ಗಂಟಿಗೆ ಅಂಟಿಸಬಹುದೇ?

ಆ ರಾತ್ರಿ ಅವಳು ರಸಾಯನಶಾಸ್ತ್ರದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ನೂರು ರೊಟ್ಟಿ, ಒಂದಕ್ಕೆ 5 ರೂ., ದಿನಕ್ಕೆ 500 ರೂ. ಏಳು ಕಿಲೋ ಜೋಳಕ್ಕೆ 315 ರೂ., ಗಿರಣಿಗೆ 35 ರೂ., ಗ್ಯಾಸು ಸೌದೆಗೆ 80 ರೂ. ಉಳಿದದ್ದು 70 ರೂ. ನಸುಕಿನ ನಾಲ್ಕು ತಾಸು, ಸಂಜೆಯ ಒಂದು ತಾಸು ಸೇರಿ ಐದು ತಾಸಿನ ದುಡಿಮೆ. ತಾಸಿಗೆ 14 ರೂ. 2024–25ರಲ್ಲಿ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 349 ರೂ. ಇತ್ತು. ಎಂಟು ತಾಸಿನ ದಿನವೆಂದು ಹಿಡಿದರೂ ತಾಸಿಗೆ 43 ರೂ. ಮೇಲೆಯೇ. ಕೆರೆಯ ಹೂಳೆತ್ತಿದ್ದರೆ ಅವ್ವನಿಗೆ ಇದರ ಮೂರು ಪಟ್ಟು ಸಿಗುತ್ತಿತ್ತು.

ಲೆಕ್ಕ ಕೇಳಿ ತಾಯಿ ನಕ್ಕಳು. “ಮನ್ಯಾಗ ಕುಂತು ಮಾಡೋ ಕೆಲಸಕ್ಕ ಕೂಲಿ ಯಾರ್ ಕೊಡ್ತಾರವ್ವಾ?”

ಗೊತ್ತಿಲ್ಲದೆಯೇ ಅವಳು ಸಮಸ್ಯೆಯ ಬೇರಿಗೆ ಕೈಯಿಟ್ಟಿದ್ದಳು. ಜೋಳದ ವ್ಯಾಪಾರಿ ಅವಳಿಗೆ ಬಿಟ್ಟಿ ಕೊಡಲಿಲ್ಲ, ಗಿರಣಿಯವನೂ ಕೊಡಲಿಲ್ಲ. ಲೆಕ್ಕದಲ್ಲಿ ಬಿಟ್ಟಿಯಾಗಿ ಸೇರಿದ್ದು ಅವಳ ಎರಡು ಕೈ ಮಾತ್ರ. ಖಾನಾವಳಿಯ ಊಟ ಅಗ್ಗವಾಗಿದ್ದರೆ ಆ ಅಗ್ಗಕ್ಕೆ ಬೆಲೆ ತೆತ್ತವಳು ಅವಳು.

ಬೆಲೆ ಹೆಚ್ಚಿಸಬೇಕೆಂದು ಮಗಳು ಖಾನಾವಳಿಯವರನ್ನು ಕೇಳಿದಾಗ ಅವರು ಸಿಟ್ಟಾಗಲಿಲ್ಲ; ದಾರಿಯೊಂದನ್ನು ತೋರಿಸಿದರು. ಜೋಳದ ಹಿಟ್ಟಿಗೆ ಅರ್ಧದಷ್ಟು ಅಕ್ಕಿ ಹಿಟ್ಟು ಬೆರೆಸಿದರೆ ಖರ್ಚು ಇಳಿಯುತ್ತದೆ, ರೊಟ್ಟಿಯೂ ಬೆಳ್ಳಗೆ ಮೆತ್ತಗೆ ಬರುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದರು. ಮಗಳಿಗೆ ಲೆಕ್ಕ ಸರಿಯೆನಿಸಿತು. ಟ್ಯೂಷನ್ನಿನ ಎರಡನೆಯ ಕಂತು ಕಟ್ಟುವ ದಿನ ಹತ್ತಿರ ಬಂದಿತ್ತು. ಆದರೆ ತಾಯಿ ಒಪ್ಪಲಿಲ್ಲ.

“ಅಕ್ಕಿ ರೊಟ್ಟಿ ಅಂತ ಹೇಳಿ ಮಾರೋದಾದ್ರ ಮಾಡ್ತೀನಿ. ಜ್ವಾಳದ್ದು ಅಂತ ಹೇಳಿ ಅಕ್ಕಿ ಉಣಸೋದು ನನ್ನ ಕೈಲಿ ಆಗಂಗಿಲ್ಲ.”

ಉಳಿದದ್ದು ಇನ್ನೊಂದೇ ದಾರಿ. ಓಣಿಯಲ್ಲಿ ರೊಟ್ಟಿ ಮಾರುವ ಮನೆಗಳು ಐದು. ಒಬ್ಬಳು ಆರು ರೂಪಾಯಿ ಕೇಳಿದರೆ ಇನ್ನೊಬ್ಬಳು ಐದಕ್ಕೆ ಕೊಡುತ್ತಿದ್ದಳು. ಹೀಗೆ ಒಬ್ಬರ ಬೆಲೆಯನ್ನು ಇನ್ನೊಬ್ಬರು ತಗ್ಗಿಸಿಕೊಂಡೇ ಬಂದಿದ್ದರು. ಮಗಳು ನೋಟ್‌ಬುಕ್ ಹಿಡಿದು ನಾಲ್ಕು ಮನೆಗೂ ಹೋಗಿ ಲೆಕ್ಕ ಓದಿ ಹೇಳಿದಳು. ತಾಸಿಗೆ ಹದಿನಾಲ್ಕು ರೂಪಾಯಿ ಎಂದಾಗ ಯಾರೂ ನಗಲಿಲ್ಲ. ಒಂದು ರೊಟ್ಟಿಗೆ 7 ರೂ. ಎಂದು ತೀರ್ಮಾನವಾಯಿತು. ಆಗ ತಾಸಿಗೆ 54 ರೂ. ಬೀಳುತ್ತದೆ. ಶ್ರೀಮಂತಿಕೆಯಲ್ಲ, ಕೂಲಿ.

ಮರುದಿನವೇ ಖಾನಾವಳಿಯವರು ರೊಟ್ಟಿ ಬೇಡವೆಂದರು. ಒಂದು ದಿನವಲ್ಲ, ಎಂಟು ದಿನ. ಮಗಳು ಗಂಟಿಲ್ಲದೆ ಕಾಲೇಜಿಗೆ ಹೋದಳು. ಯಾವುದಕ್ಕೆ ನಾಚುತ್ತಿದ್ದಳೋ ಅದು ಹೆಗಲ ಮೇಲಿಲ್ಲದಾಗ ಅವಳಿಗೆ ಭಯವಾಯಿತು. ಟ್ಯೂಷನ್ನಿನ ಕಂತಿನ ದಿನ ದಾಟಿತು. ತಂದೆ ಕೈಗಡ ತಂದು ಕಟ್ಟಿದ. ತನ್ನ ಲೆಕ್ಕದಿಂದಲೇ ಮನೆಯ ಒಲೆ ಆರಿತೆಂದು ಅವಳು ಅತ್ತಳು. ತಾಯಿ ಮಾತ್ರ ಒಲೆ ಆರಿಸಲಿಲ್ಲ. ದಿನಕ್ಕೆ ಇಪ್ಪತ್ತೈದು ಮೂವತ್ತು ರೊಟ್ಟಿ ಬಡಿದು, ಇನ್ನೂ ತೆಳ್ಳಗೆ ಮಾಡಿ, ಬೇಯಿಸಿ ಒಣಗಿಸಿ ಖಡಕ್ ರೊಟ್ಟಿ ಮಾಡಿಟ್ಟಳು. ನೀರಿನಂಶವಿಲ್ಲದ ಕಡೆ ಬೂಸ್ಟು, ಬ್ಯಾಕ್ಟೀರಿಯಾ ಬೆಳೆಯಲಾರವು. ತೇವ ತಾಗದಂತೆ ಇಟ್ಟರೆ ಖಡಕ್ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ. ಆ ಗಂಟು ತಮ್ಮನ ಜೊತೆ ಬೆಂಗಳೂರಿಗೆ ಹೋಗಿ ಖರ್ಚಾಗಿ ಬಂತು. ಬೇಕರಿಯ ಕನಸಿನವನು ರೊಟ್ಟಿಯ ವ್ಯಾಪಾರಿಯಾದ.

ಒಂಬತ್ತನೆಯ ದಿನ ಖಾನಾವಳಿಯವರು ಹೇಳಿ ಕಳಿಸಿದರು: ನೂರು ಬೇಡ, ಅರವತ್ತು ಸಾಕು, ಏಳು ರೂಪಾಯಿಯಂತೆ. ಪೂರ್ಣ ಗೆಲುವೇನಲ್ಲ, ಉಳಿದ ನಲವತ್ತು ಖಡಕ್ ಆದವು. ಐವರಲ್ಲಿ ಒಬ್ಬಳು ತಡೆಯಲಾರದೆ ಐದೂವರೆಗೆ ಮಾರಿದಳು. ಅವಳ ಗಂಡ ಹಾಸಿಗೆ ಹಿಡಿದಿದ್ದನ್ನು ಬಲ್ಲ ಉಳಿದ ನಾಲ್ವರು ಜಗಳವಾಡಲಿಲ್ಲ. ಒಗ್ಗಟ್ಟು ಎಂಬುದು ಶಾಲೆಯ ಗೋಡೆಯ ಮೇಲೆ ಬರೆದಷ್ಟು ಸುಲಭವಲ್ಲ.

ಇದು ಒಂದು ಓಣಿಯ ಮಾತಾಯಿತು. ಇದೇ ಜಿಲ್ಲೆಯಲ್ಲಿ ಜಿಲ್ಲಾಡಳಿತದ ಬೆಂಬಲದಿಂದ ಮಹಿಳಾ ಸ್ವಸಹಾಯ ಗುಂಪುಗಳು ‘ಕಲಬುರಗಿ ರೊಟ್ಟಿ’ ಎಂಬ ಒಂದೇ ಹೆಸರಿನಡಿ ಮಾರಾಟಕ್ಕೆ ಇಳಿದಿವೆ. 2025ರ ಜೂನ್ 29ರ ‘ಮನ್ ಕಿ ಬಾತ್’ ಬಾನುಲಿ ಭಾಷಣದಲ್ಲಿ ಪ್ರಧಾನಿಯವರು ಈ ಮಹಿಳೆಯರ ಸಹಕಾರಿ ಸಂಸ್ಥೆ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಮಾಡುತ್ತಿದೆ ಎಂದು ಹೇಳಿದರು. ಬೆಂಗಳೂರಿನಲ್ಲೂ ಅದಕ್ಕೊಂದು ಮಾರಾಟದ ಕಟ್ಟೆಯಾಗಿದೆ. ಒಬ್ಬೊಬ್ಬಳೇ ಕೇಳಿದರೆ ಸಿಗದ ಬೆಲೆ ಹತ್ತು ಕೈ ಕೂಡಿ ಕೇಳಿದಾಗ ಸಿಗುತ್ತದೆ. ಆ ಸುದ್ದಿ ಕೇಳಿದ ದಿನ ಓಣಿಯ ನಾಲ್ವರು, ತಾವೂ ಒಂದು ಗುಂಪಾಗುವ ಮಾತಾಡಿದರು. ಐದನೆಯವಳನ್ನೂ ಕರೆದರು.

ಗುಂಪಿಗೆ ಲೆಕ್ಕದ ಪುಸ್ತಕ ಬೇಕಲ್ಲ! ಮಗಳು ಹೊಸ ಪುಸ್ತಕಕ್ಕೆ ಹಳೆಯ ಲೆಕ್ಕ ಇಳಿಸುವಾಗ ಒಂದು ತಪ್ಪು ಕಂಡಳು. ಏಳು ಕಿಲೋ ಹಿಟ್ಟಿನಲ್ಲಿ ಅವ್ವ ಮಾಡುತ್ತಿದ್ದದ್ದು ನೂರಲ್ಲ, ನೂರಾ ಎರಡು ರೊಟ್ಟಿ. ಬೇರೆ ಬುಟ್ಟಿಗೆ ಹೋಗುವ ಆ ಎರಡು, ಓಣಿಯ ತುದಿಯಲ್ಲಿ ಒಂಟಿಯಾಗಿರುವ ಮುದುಕಿಯ ಪಾಲು. ಎಂಟು ದಿನ ವ್ಯಾಪಾರ ನಿಂತಾಗಲೂ ಆ ಎರಡು ನಿಂತಿರಲಿಲ್ಲ. ದಿನಕ್ಕೆ 14 ರೂ. ನಷ್ಟ ಎಂದು ಅವಳು ಬರೆಯಹೊರಟಾಗ ತಾಯಿ ತಡೆದಳು.

“ನನ್ನ ಕೂಲಿ ಬರೀ ಅಂದಿ, ಬರ್ದಿ. ಅದು ಖರೆ. ಆದ್ರ ಇದನ್ನ ನಷ್ಟ ಅಂತ ಬರೀಬ್ಯಾಡ. ಅದು ನಾ ಕೊಟ್ಟಿದ್ದು.”

ಶರಣಬಸವೇಶ್ವರರ ದಾಸೋಹದಿಂದ ಹೆಸರಾದ ನಾಡಿನಲ್ಲಿ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿಳಿಯದಂತೆ ಕೈಯಿಂದ ಜಾರಿಹೋದದ್ದಕ್ಕೂ ತಿಳಿದು ಕೈಯೆತ್ತಿ ಕೊಟ್ಟದ್ದಕ್ಕೂ ಅಜಗಜಾಂತರ. ಮೊದಲಿನದನ್ನು ಲೆಕ್ಕ ಹಿಡಿದು ನಿಲ್ಲಿಸಬೇಕು, ಎರಡನೆಯದು ಉಳಿಯಬೇಕಾದರೆ.

ಮಗಳು ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಕಾಲೇಜಿನ ಅರ್ಜಿಯಲ್ಲಿ ತಾಯಿಯ ಉದ್ಯೋಗ ‘ರೊಟ್ಟಿ ತಯಾರಿಕೆ’ ಎಂದಾಗಿದೆ. ಗುಂಪಿನ ಪುಸ್ತಕದಲ್ಲಿ ದಿನವೂ ನೂರು ರೊಟ್ಟಿಯ ಲೆಕ್ಕ ಇರುತ್ತದೆ. ಏಳು ಗಂಟೆಗೆ ಬುಟ್ಟಿ ಹಿಡಿದು ಓಣಿಯ ತುದಿಗೆ ಹೋಗಿ ಬರುವವಳು ಈಗ ಅವಳೇ.